ಮೂಲೆಗೆ ತಳ್ಳಿದ ಪಾರ್ಕು

ನಸೀಮಾ ಅವರೇ, ಅಂಥ ನಿಯಮ ಇರಲೇ ಇಲ್ಲ. ಬಡಾವಣೆಯ ಪಾರ್ಕು ಮಧ್ಯದಲ್ಲಿ ಇರಬಾರದೆಂದು ಯಾವ ಕಾನೂನೂ ಹೇಳಿರಲಿಲ್ಲ — ಹೇಳಿದವನು ನಾನು.

ನೀವು ಮರೆತಿರಬಹುದು. ಬೂದಿಗೆರೆ ಕಡೆಯ ಆ ಬಡಾವಣೆಯ ನಕ್ಷೆ ಹಿಡಿದು ನಮ್ಮ ಯೋಜನಾ ಕಚೇರಿಗೆ ಬಂದಿದ್ದಿರಿ. ನಕ್ಷೆಗಳನ್ನು ಪರಿಶೀಲಿಸಿ ಒಪ್ಪಿಗೆಗೆ ಕಳಿಸುವ ಮಹತ್ಕಾರ್ಯ ಆಗ ನನ್ನ ಪಾಲಿಗಿತ್ತು. ಅಲ್ಲಿದ್ದ ಹೊಂಗೆಮರಗಳನ್ನು ಉಳಿಸಿಕೊಂಡು, ಅವುಗಳ ಸುತ್ತ ಬಳುಕುವ ಅಂಚಿನ ಪಾರ್ಕು ಬರೆದಿದ್ದಿರಿ.

“ಮನೆಗಳೆಲ್ಲ ಇದರ ಕಡೆಗೇ ಮುಖ ಮಾಡಿವೆ ಸರ್. ಬಾಗಿಲಲ್ಲಿ ನಿಂತ್ರೆ ಆಡೋ ಮಕ್ಕಳು ಕಾಣ್ತಾರೆ. ವಯಸ್ಸಾದೋರು ಸುಮ್ನೆ ಎದ್ದು ನೆರಳಿಗೆ ಬರ್ಬೋದು.”

ನಾನು ನೋಡಿದ್ದು ನೆರಳನ್ನಲ್ಲ, ಆ ಅಂಚನ್ನು. ಪಾರ್ಕಿನ ವಿಸ್ತೀರ್ಣ ಕಾನೂನು ಕೇಳುವಷ್ಟಿದೆಯೇ ಎಂದು ಸ್ಕೇಲು ಹಿಡಿದು ಅಳೆಯಬೇಕಾದವನು ನಾನು. ಚೌಕ, ತ್ರಿಕೋನವಾದರೆ ಸರಿ. ಇದನ್ನು ಅಳೆಯುವುದು ನನಗೆ ಬರುತ್ತಿರಲಿಲ್ಲ. ಬರುವುದಿಲ್ಲ ಎಂದರೆ ಕುರ್ಚಿಯ ಘನತೆ ಏನಾಗಬೇಕು?

“ಪಾರ್ಕು ಮಧ್ಯದಲ್ಲಿ ಬರೋ ಹಾಗಿಲ್ಲಮ್ಮಾ. ರೂಲ್ಸು. ಮೂಲೆಗೆ ಹಾಕ್ಕೊಂಡ್ ಬನ್ನಿ.”

ನೀವು ನಕ್ಷೆ ತಿದ್ದಿದಿರಿ. ಟ್ರಾನ್ಸ್‌ಫಾರ್ಮರ್ ಪಕ್ಕ, ನಿವೇಶನವಾಗದೆ ಮಿಕ್ಕ ಮುಕ್ಕು ಜಾಗಕ್ಕೆ ಹಸಿರು ಬಳಿದು ತಂದಿರಿ. ವಿಸ್ತೀರ್ಣ ಪಕ್ಕಾ. ಒಪ್ಪಿಗೆ ಸಿಕ್ಕಿತು, ಮರಗಳು ಹೋದವು. ಇದಕ್ಕಾಗಿ ಯಾರ ಬಿಡಿಗಾಸನ್ನೂ ಮುಟ್ಟಲಿಲ್ಲ — ತಪ್ಪನ್ನೂ ಪ್ರಾಮಾಣಿಕವಾಗಿಯೇ ಮಾಡಿದವನು ನಾನು.

ಅದೇ ಬಡಾವಣೆಯಲ್ಲಿ ನನ್ನ ಅಕ್ಕ-ಭಾವ ಮನೆ ಕಟ್ಟಿಸಿದರು. ಲಕ್ವ ಹೊಡೆದ ಮೇಲೆ ಭಾವನಿಗೆ ಪಾರ್ಕಿನವರೆಗೆ ಕಾಲು ಸಾಗುವುದಿಲ್ಲ. ಗೇಟಿನ ಮುಂದೆ, ನೀರಿನ ಟ್ಯಾಂಕರುಗಳ ಧೂಳಿನಲ್ಲಿ, ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂರುತ್ತಾರೆ. ಹೋದ ತಿಂಗಳು ಕೇಳಿದರು:

“ಲೇ ಮೂರ್ತಿ, ನೀನು ಅದೇ ಆಫೀಸ್ನಲ್ಲಿದ್ದೋನಲ್ವಾ? ಪಾರ್ಕ್ನ ಅಷ್ಟು ದೂರ ಎಸೆದ ಪುಣ್ಯಾತ್ಮ ಯಾರೋ?”

“ರೂಲ್ಸು ಭಾವ,” ಎಂದೆ. ಎರಡನೆಯ ಸಲ.

“ರೂಲ್ಸ್ ಮಾಡ್ದೋನಿಗೆ ಕಾಲು ಸೋತಿಲ್ಲ ಬಿಡು,” ಎಂದು ನಕ್ಕರು. ನಾನೂ ನಕ್ಕೆ — ನಕ್ಕುಬಿಟ್ಟೆ.

ಈಗ ಸರಿಪಡಿಸೋಣವೆಂದರೆ... ಮಧ್ಯದ ಜಾಗದ ತುಂಬ ಮೂರಂತಸ್ತಿನ ಮನೆಗಳು ಎದ್ದಿವೆ. ಯಾರ ಮನೆಯನ್ನು ಎಲ್ಲಿಗೆ ಸರಿಸಲಿ? ನಿಮ್ಮ ನಕ್ಷೆ ಸರಿಯಾಗಿತ್ತು ಎಂದು ಬರೆಯಬಲ್ಲೆ. ಅಷ್ಟೇ ನನ್ನ ಕೈಲಾಗುವುದು. ಭಾವನಿಗೂ ಹೇಳಿಬಿಡಬೇಕೆಂದು ಭಾನುವಾರ ಬಂದರೆ ಹೊರಡುತ್ತೇನೆ. ದೂರದಲ್ಲಿ ನನ್ನನ್ನು ಕಂಡೊಡನೆ ಅವರು ಒಳಗೆ ಕೂಗಿ ಇನ್ನೊಂದು ಕುರ್ಚಿ ಹಾಕಿಸುತ್ತಾರೆ, ತಾವಿದ್ದ ತುಂಡು ನೆರಳನ್ನು ನನಗೆ ಬಿಟ್ಟು ಬಿಸಿಲಿಗೆ ಜರುಗುತ್ತಾರೆ.

ನಾನು — ಕೂತುಬಿಡುತ್ತೇನೆ.