ವಾಸಣ್ಣನ ಗೋಡೆಯ ಹೆಂಗಸು

ವಾಸಣ್ಣ ಆ ಚಿತ್ರಕ್ಕೆ ಒಂದೇ ಅರ್ಥವನ್ನು ಎರಡು ಸಲ ಹೇಳಿದ್ದನ್ನು ನಾನು ಕೇಳಿಲ್ಲ. ಮುಂಬಯಿ ಪಕ್ಕದ ಠಾಣೆಯ ಮಾಜಿವಾಡಾದಲ್ಲಿ ಅವರದೊಂದು ಚಿಕ್ಕ ಊಟದ ಹೋಟೆಲು. ಗಲ್ಲಾದ ಎದುರಿನ ಗೋಡೆಯ ಮೇಲೆ, ಊಟಕ್ಕೆ ಕುಳಿತವರೆಲ್ಲರ ಕಣ್ಣಿಗೆ ಬೀಳುವಂತೆ ಚಿತ್ರ ತೂಗುತ್ತಿತ್ತು. ಒಬ್ಬ ಹೆಂಗಸು ಕನ್ನಡಿಯ ಮುಂದೆ ತಲೆ ಬಾಚುತ್ತಿದ್ದಾಳೆ. ಮುಖವನ್ನು ತುಂಡು ತುಂಡಾಗಿ ಕತ್ತರಿಸಿ ಅಂಟಿಸಿದ ಹಾಗಿದೆ. ಒಂದು ಕೆನ್ನೆ ಹಸಿರು, ಮೂಗು ಎತ್ತಲೋ ತಿರುಗಿದೆ. ಕನ್ನಡಿಯೊಳಗಿನವಳು ಮಾತ್ರ ಆಗಲೇ ತುರುಬು ಕಟ್ಟಿಕೊಂಡು, ಹೊರಗಿನವಳನ್ನು ನೋಡದೆ ಬೇರೆಲ್ಲೋ ನೋಡುತ್ತಿದ್ದಾಳೆ. ದಿನವೂ ಇಡ್ಲಿ ತಿನ್ನಲು ಬರುತ್ತಿದ್ದ ಚಿತ್ರಕಾರರೊಬ್ಬರು ಊರು ಬಿಡುವಾಗ ಪ್ರೀತಿಯಿಂದ ಕೊಟ್ಟು ಹೋದದ್ದಂತೆ.

ನಾನು ವಾಗ್ಳೆ ಎಸ್ಟೇಟಿನ ಒಂದು ಆಫೀಸಿನಲ್ಲಿ ಕೆಲಸಕ್ಕೆ ಸೇರಿದ ಹೊಸತು. ಡೊಂಬಿವಲಿಯ ಲೋಕಲ್ಲಿನ ನೂಕುನುಗ್ಗಲಿಗೆ ಜಡೆ ಕೆದರಿಹೋಗಿತ್ತು. ಚಿತ್ರ ನೋಡುತ್ತ ಕುಳಿತ ನನಗೆ ವಾಸಣ್ಣ ಗಲ್ಲಾದಿಂದಲೇ ಹೇಳಿದರು: "ಒಳಗೆ ಇದ್ದಾಳಲ್ಲ, ಅವಳು ಡೊಂಬಿವಲಿಯಲ್ಲಿ ಟ್ರೇನ್ ಹತ್ತಿದವಳು. ಹೊರಗಿನವಳು ಠಾಣೆಯಲ್ಲಿ ಇಳಿದವಳು." ನಾನು ನಕ್ಕುಬಿಟ್ಟೆ. ಮರುದಿನ ಹೊಸದಾಗಿ ಮದುವೆಯಾದ ಜೋಡಿಗೆ ಅವರು ಹೇಳಿದ ಅರ್ಥವೇ ಬೇರೆ. ಬ್ಯಾಂಕಿನವರಿಗೆ ಇನ್ನೊಂದು, ಅದೂ ಮರಾಠಿಯಲ್ಲಿ.

ಅವರ ತಮ್ಮ ದಿನಕರನಿಗೆ ಆ ಚಿತ್ರ ಕಂಡರಾಗದು. "ಇದನ್ನು ನೋಡ್ತಾ ಯಾರಿಗೆ ಅನ್ನ ಇಳೀತದೆ? ಅಲ್ಲಿ ಒಂದು ದೇವರ ಫೋಟೋ ಹಾಕುವ."

"ದೇವರು ಗಲ್ಲಾದ ಮೇಲೆ ಉಂಟಲ್ಲ ಮಾರಾಯ. ದೇವರಿಗೂ ನೋಡ್ಲಿಕ್ಕೆ ಎಂತಾದ್ರೂ ಬೇಡ್ವಾ?" ಎನ್ನುತ್ತಿದ್ದರು ವಾಸಣ್ಣ. ಉಳಿದ ಎಲ್ಲದರಲ್ಲೂ ತಮ್ಮನ ಮಾತಿಗೆ ತಲೆಯಾಡಿಸುವವರು, ಇದೊಂದರಲ್ಲಿ ಜಗ್ಗಲಿಲ್ಲ.

ಕೆಲವು ವರ್ಷ ಕಳೆದ ಮೇಲೆ ನನಗೆ ಕ್ಯಾನ್ಸರ್ ಬಂತು. ಕಿಮೋ ಶುರುವಾಗಿ ತಲೆಯಲ್ಲಿ ಒಂದೆಳೆಯೂ ಉಳಿಯಲಿಲ್ಲ. ಅವ್ವ ಮನೆಯ ಕನ್ನಡಿಗಳನ್ನೆಲ್ಲ ತೆಗೆದು ಅಟ್ಟಕ್ಕೆ ಹಾಕಿದಳು. ತಿಂಗಳುಗಟ್ಟಲೆ ರಜೆಯಲ್ಲಿದ್ದು, ತಲೆಗೆ ಸ್ಕಾರ್ಫ್ ಕಟ್ಟಿಕೊಂಡು ಕೆಲಸಕ್ಕೆ ಮರಳಿದ ದಿನ ಮಧ್ಯಾಹ್ನ ಊಟಕ್ಕೆ ಹೋದೆ. ಚಿತ್ರವಿದ್ದ ಜಾಗದಲ್ಲಿ ಒಂದು ಕ್ಯಾಲೆಂಡರು.

"ಚಿತ್ರ ಎಲ್ಲಿ ಹೋತು, ಅಣ್ಣಾ?"

"ಅದು... ಗೋಡೆಗೆ ಬಣ್ಣ ಹೊಡೆಸ್ಲಿಕ್ಕೆ ಉಂಟು," ಎಂದು ಅವರು ಮುಖ ತಗ್ಗಿಸಿದರು.

ಪಕ್ಕದಲ್ಲಿದ್ದ ದಿನಕರನಿಗೆ ತಡೆಯಲಾಗಲಿಲ್ಲ. "ಎಂತ ಬಣ್ಣ? ನೀವು ಇವತ್ತು ಬರ್ತೀರಂತ ನಿಮ್ಮ ಆಫೀಸಿನವರು ಹೇಳಿದ್ರು. ಅಣ್ಣ ನಿನ್ನೆಯೇ ಇಳಿಸಿ ಅಕ್ಕಿ ಮೂಟೆ ಹಿಂದೆ ಇಟ್ಟಿದ್ದಾರೆ. ತಲೆ ಬಾಚುವವಳನ್ನು ನೋಡಿ ನಿಮಗೆ ಬೇಜಾರಾಗ್ತದಂತೆ."

ನನಗೆ ಅಳು ಬರಬೇಕಿತ್ತು. ಬಂದದ್ದು ಸಿಟ್ಟು. "ಮನ್ಯಾಗ ಅವ್ವ ಕನ್ನಡಿ ತಗದಿಟ್ಟಾಳ. ಇಲ್ಲಿ ನೀವೂ ಹಂಗ ಮಾಡಿದ್ರ ನಾ ಎಲ್ಲಿ ನೋಡ್ಲಿ?"

ವಾಸಣ್ಣ ಒಳಗೆ ಹೋದರು. ಚಿತ್ರವನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಬಂದು, ಹೆಗಲ ಮೇಲಿನ ಟವೆಲಿನಿಂದ ಒರೆಸಿ, ಕ್ಯಾಲೆಂಡರು ತೆಗೆದು ಅದೇ ಮೊಳೆಗೆ ತೂಗುಹಾಕಿದರು. ಉಣ್ಣುತ್ತಿದ್ದವರು ಕೈ ತಡೆದು ನೋಡುತ್ತಿದ್ದರು.

"ಇವತ್ತಿನ ಅರ್ಥ ಏನು?" ಎಂದೆ.

ಅವರು ಟವೆಲನ್ನು ಹೆಗಲಿಗೆ ಹಾಕಿಕೊಂಡರು. "ಇವತ್ತು ನೀವೇ ಹೇಳಿ."

ಅಷ್ಟು ವರ್ಷ ನೋಡಿದ್ದ ಚಿತ್ರ. ಹಸಿರು ಕೆನ್ನೆ, ಸೊಟ್ಟ ಮೂಗು, ಕೂದಲು ಎಲ್ಲ ನನಗೆ ಬಾಯಿಪಾಠವಾಗಿತ್ತು. ಅವತ್ತು ಕಂಡದ್ದು ಅವರಿಬ್ಬರ ಕಣ್ಣು. "ಒಬ್ರ ಮಾರಿ ಒಬ್ರು ನೋಡವಲ್ರು ಅಣ್ಣಾ. ಜಗಳ ಆಗೇತಿ."

"ರಾಜಿ ಆಗ್ತದಾ?" ಅವರು ಕೇಳಿದ ಧಾಟಿಯಲ್ಲಿ ತಮಾಷೆ ಇರಲಿಲ್ಲ.

"ಆಗ್ಲೇಬೇಕಲ್ಲ. ಇಬ್ರೂ ಒಂದ ಮನ್ಯಾಗ ಇರೋರು."

ವಾಸಣ್ಣ ಅಡುಗೆಮನೆಯತ್ತ ತಿರುಗಿ, "ಒಂದು ಊಟ! ಖಾರ ಹಾಕ್ಬೇಡಿ, ಮೊಸರು ಜಾಸ್ತಿ ಕೊಡಿ," ಎಂದು ಕೂಗಿದರು. ಕಿಮೋದಿಂದ ನನ್ನ ಬಾಯೆಲ್ಲ ಹುಣ್ಣಾಗಿರುವುದನ್ನು ನಾನು ಅವರಿಗೆ ಹೇಳಿರಲಿಲ್ಲ. ಅವತ್ತು ಸಂಜೆ ಮನೆಗೆ ಹೋಗಿ ಅಟ್ಟದಿಂದ ಒಂದು ಕನ್ನಡಿ ಇಳಿಸಿದೆ. ಅವ್ವ ಬಾಗಿಲಲ್ಲಿ ನಿಂತು ಅತ್ತಳು. ಆದರೆ ಬೇಡ ಅನ್ನಲಿಲ್ಲ.

ಕೂದಲು ಮತ್ತೆ ಬಂತು, ಮೊದಲಿನಷ್ಟಲ್ಲ. ನಮ್ಮ ಆಫೀಸು ನವಿ ಮುಂಬಯಿಯ ಐರೋಲಿಗೆ ಹೋಯಿತು. ಹೋದ ಮಳೆಗಾಲದಲ್ಲಿ ದಿನಕರ ಫೋನ್ ಮಾಡಿ, ಅಣ್ಣ ನಿದ್ದೆಯಲ್ಲೇ ಹೋದರು ಎಂದ.

ಆಫೀಸು ಐರೋಲಿಗೆ ಹೋಗುವ ಮುನ್ನ, ಕೊನೆಯ ಸಲ ಊಟಕ್ಕೆ ಹೋದ ದಿನ ವಾಸಣ್ಣ ಗಲ್ಲಾವನ್ನು ತಮ್ಮನಿಗೆ ಬಿಟ್ಟು ಹೊರಗೆ ಬಂದಿದ್ದರು. "ಬನ್ನಿ, ರಸ್ತೆ ದಾಟಿಸಿ ಬಿಡ್ತೇನೆ," ಎಂದರು. ಟ್ರಕ್ಕುಗಳ ನಡುವೆ ಕಾಲಿಟ್ಟ ಮೇಲೆ ನೋಡುತ್ತೇನೆ, ಅವರೇ ನನ್ನ ಬ್ಯಾಗಿನ ಪಟ್ಟಿಯನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದಾರೆ. ಆಚೆ ಬದಿ ಮುಟ್ಟಿದ ಮೇಲೆ ಬೆವರು ಒರೆಸಿಕೊಂಡು, "ಇಷ್ಟು ವರ್ಷ ಆಯ್ತು ಮಾರಾಯ್ತಿ, ಈ ರೋಡ್ ಅಂದ್ರೆ ಈಗಲೂ ಹೆದರಿಕೆ," ಎಂದು ನಕ್ಕರು. ಹಿಂದೆ ಹೋಗಲು ಅವರಿಗೆ ಧೈರ್ಯವಿರಲಿಲ್ಲ. ನಾನು ಅವರ ಕೈ ಹಿಡಿದು ಹೋಟೆಲಿನ ಬಾಗಿಲವರೆಗೂ ದಾಟಿಸಿ ಬಿಟ್ಟು, ಒಬ್ಬಳೇ ತಿರುಗಿ ದಾಟಿದೆ.