ಅಕ್ಕ ಮಾಳಿಗೆಯಿಂದ ಕೂಗಿದ ಹೆಸರುಗಳು

ನಾನು ಚಿಕ್ಕವಳಿದ್ದಾಗ ಮನೆಯಲ್ಲಿ ನನಗೆ ವಹಿಸಿದ್ದು ಒಂದೇ ಕೆಲಸ, ಅದನ್ನೂ ಕೆಡಿಸಿದೆ.

ಬೀದರಿನಿಂದ ಭಾಲ್ಕಿಗೆ ಹೋಗುವ ದಾರಿಯಲ್ಲಿ ನಮ್ಮೂರು. ಕುರಿ ಸಾಕುವವರು ನಾವು. ಊರಿನ ಹಿಂದೆ ಗುಡ್ಡ, ಅದರ ತುಂಬ ಸೊಂಟದೆತ್ತರ ಹುಲ್ಲು. ಬೇಸಿಗೆಯಲ್ಲಿ ಆ ಹುಲ್ಲಿಗೆ ಒಂದು ಬೀಡಿಯ ಕಿಡಿ ಸಾಕಿತ್ತು. ಅದಕ್ಕೇ ಬೇಸಿಗೆ ಬಲಿಯುವ ಮೊದಲೇ ಗುಡ್ಡಕ್ಕೂ ಮನೆಗಳಿಗೂ ನಡುವಿನ ಪಟ್ಟಿಯನ್ನು ಕುರಿಗಳಿಂದ ಮೇಯಿಸಿ ಬೋಳು ಮಾಡುತ್ತಿದ್ದೆವು. ಬೆಂಕಿ ಬಂದರೆ ಅಲ್ಲಿ ಅದಕ್ಕೆ ತಿನ್ನಲು ಏನೂ ಸಿಗಬಾರದು. ಆ ವರ್ಷ ನಮ್ಮ ಹಿತ್ತಲಿನ ಹಿಂದಿನ ತುಂಡು ನನ್ನ ಪಾಲಿಗೆ ಬಂದಿತ್ತು.

ಕುರಿಗಳಿಗೆ ಜಾಲಿಕಾಯಿ ಅಂದರೆ ಪ್ರಾಣ. ನನಗೆ ಜಾಲಿಯ ನೆರಳು ಅಂದರೆ ಪ್ರಾಣ. ಹುಲ್ಲು ನಾಳೆ ಮೇಯಿಸಿದರಾಯಿತು ಎಂದು ನಾಲ್ಕು ದಿನ ಅವುಗಳನ್ನು ಹಳ್ಳದ ಜಾಲಿಗೇ ಹೊಡೆದುಕೊಂಡು ಹೋದೆ. ‘ಮುಗೀತೇನು?’ ಎಂದು ಅಪ್ಪ ಕೇಳಿದಾಗ ‘ಹೂಂ’ ಅಂದುಬಿಟ್ಟೆ.

ಐದನೆಯ ದಿನ ಮಧ್ಯಾಹ್ನ ಗಾಳಿಯಲ್ಲಿ ಸುಟ್ಟ ಹುಲ್ಲಿನ ಘಾಟು ಬಂತು. ಗುಡ್ಡದಿಂದ ಬೆಂಕಿ ಚಟಚಟ ಎನ್ನುತ್ತ ಇಳಿಯುತ್ತಿತ್ತು. ನಮ್ಮ ಹಿತ್ತಲಿನ ದೊಡ್ಡಿಯಲ್ಲಿ ಹುಟ್ಟಿ ವಾರವೂ ಆಗದ ಹನ್ನೊಂದು ಕುರಿಮರಿಗಳಿದ್ದವು. ಅದರ ಮಗ್ಗುಲಲ್ಲೇ ನಾನು ಬಿಟ್ಟ ಹುಲ್ಲು ನಿಂತಿತ್ತು. ನಾನು ಅಪ್ಪನ ಬಳಿಗೆ ಓಡಿದೆ.

‘ಅಪ್ಪಾ, ನಾ ಸುಳ್ಳ ಹೇಳೀನಿ. ಹುಲ್ಲ ಹಂಗೇ ಅದ!’

ಅಪ್ಪನಿಗೆ ಬೈಯಲೂ ಹೊತ್ತಿರಲಿಲ್ಲ. ಅಕ್ಕ ಮಾಳಿಗೆ ಹತ್ತಿದಳು. ಹೊಗೆ ಕಂಡವರು ಒಂದೊಂದೇ ಮನೆಯನ್ನು ಹೆಸರು ಹಿಡಿದು ಕೂಗಬೇಕು, ಅದು ನಮ್ಮೂರ ಪದ್ಧತಿ. ಬರೀ ‘ಬೆಂಕಿ’ ಅಂದರೆ ಬೇರೆ ಯಾರಾದರೂ ಹೋಗುತ್ತಾರೆ ಬಿಡು ಅನ್ನಿಸುತ್ತದೆ. ಹೆಸರು ಕೇಳಿದ ಮೇಲೆ ಕೂತಿರಲು ಆಗುವುದಿಲ್ಲ.

‘ಅಗಸಿ ಮನಿಯವ್ರೇ, ಬರ್ರೀ! ಬೇವಿನ ಮನಿಯವ್ರೇ, ಬರ್ರೀ! ಬಾವಿ ಮನಿ ಕಾಕಾ, ಲಗೂನ ಬರ್ರೀ!’

ಬೇವಿನ ಟೊಂಗೆ, ಹಸಿ ಗೋಣಿಚೀಲ, ಕೈಗೆ ಸಿಕ್ಕಿದ್ದನ್ನು ಹಿಡಿದು ಎಲ್ಲರೂ ಬಂದರು. ನಮ್ಮೊಡನೆ ಮಾತು ಬಿಟ್ಟಿದ್ದ ಬಾವಿ ಮನೆಯ ಕಾಕಾನೇ ಎಲ್ಲರಿಗಿಂತ ಮುಂದೆ. ಅವರು ಬೆಂಕಿಯನ್ನು ಬಡಿಯುವಾಗ ನಾನು ಅಳುತ್ತ, ಕೆಮ್ಮುತ್ತ ಮರಿಗಳನ್ನು ಎರಡೆರಡಾಗಿ ಹೊತ್ತು ತಂದೆ. ದೊಡ್ಡಿ ಅರ್ಧ ಸುಟ್ಟಿತು. ಹನ್ನೊಂದು ಮರಿಗಳೂ ಉಳಿದವು.

‘ನಾಳಿಂದ ಉಳಿದ ಹುಲ್ಲ ಕುರಿ ಜೋಡಿ ನೀನೂ ಮೇಯಿ,’ ಅಂದ ಅಪ್ಪ, ಮಸಿ ಹಿಡಿದ ಮುಖ ಒರೆಸಿಕೊಳ್ಳುತ್ತ.

ಈಗ ಆ ಗುಡ್ಡದ ಬುಡದವರೆಗೂ ಬೀದರ್ ಬೆಳೆದಿದೆ. ನಾನು ಮೇಯಿಸಬೇಕಿದ್ದ ಪಟ್ಟಿಯ ಮೇಲೆಯೇ, ಮಕ್ಕಳೇ, ನಿಮ್ಮ ಈ ಬಡಾವಣೆ. ಕುರಿಗಳಿಲ್ಲ. ಖಾಲಿ ಸೈಟುಗಳ ಒಣಹುಲ್ಲು ಕಾಂಪೌಂಡಿಗೆ ಒರಗಿ ನಿಂತಿದೆ. ಮೊನ್ನೆ ಅದಕ್ಕೆ ಬೆಂಕಿ ಹತ್ತಿದಾಗ ಈ ಹಾಳು ಮೊಣಕಾಲು ಹಿಡಿದುಕೊಂಡೇ ನಾನು ತಾರಸಿ ಹತ್ತಿದೆ. ‘ಕೂಗಜ್ಜಿ!’ ಎಂದಿರಿ. ಸುತ್ತಲೂ ಮನೆಗಳೇ ಮನೆಗಳು. ಬಾಯಿ ತೆರೆದರೆ ಒಂದು ಮನೆಯ ಹೆಸರೂ ನನಗೆ ಗೊತ್ತಿರಲಿಲ್ಲ, ನಿಮಗೂ ಗೊತ್ತಿರಲಿಲ್ಲ. ಬೆಂಕಿ ಸಿಮೆಂಟ್ ರಸ್ತೆಗೆ ಬಂದು ತಾನಾಗಿ ಆರಿತು, ನಮ್ಮ ಪುಣ್ಯ.

ಏಳಿ ಮಕ್ಕಳೇ, ಚಪ್ಪಲಿ ಹಾಕಿಕೊಳ್ಳಿ. ಎಡಗಡೆಯ ಗೇಟಿನಿಂದ ಶುರು ಮಾಡಿ ಹೆಸರು ಕೇಳಿಕೊಂಡು ಬರೋಣ. ನಾಳೆ ಹೋದರಾಯಿತು ಅನ್ನಬೇಡಿ. ಆ ಮಾತನ್ನು ನಾನು ಒಮ್ಮೆ ಅಂದು ನೋಡಿದ್ದೇನೆ.