ಎಳೆಯುವ ಗಾಡಿ

ತೆಕ್ಕಟ್ಟೆಯಲ್ಲಿ ಒಬ್ಬ ಮೆಕ್ಯಾನಿಕ್ ಇದ್ದರು. ಯಾರು ಯಾವ ಗಾಡಿ ತಂದರೂ ಕೈ ಒರೆಸುತ್ತಾ ಒಂದೇ ಮಾತು: "ಎಳುದ್ ಇರ್ಲಿ ಮಾರಾಯ್ರೆ, ಮೊದ್ಲ್ ನಿಲ್ಸುಕ್ ಆತ್ತಾ ಕಾಣಿ."

ನನ್ನ ರೇಸ್ ಕಾರನ್ನು ಟ್ರೇಲರ್ ಮೇಲೆ ಹೇರಿ ಎಳೆಯಲು ಹಳೆಯ ಜೀಪೊಂದನ್ನು ನೋಡಿಟ್ಟಿದ್ದೆ. ಅವರು ಕಾರಿನಷ್ಟೇ ತೂಕದ ಮರಳುಚೀಲ ಟ್ರೇಲರ್‌ಗೆ ತುಂಬಿಸಿ, ಶಂಕರನಾರಾಯಣಕ್ಕೆ ಹೋಗುವ ದಾರಿಯ ಇಳಿಜಾರಿನಲ್ಲಿ ನನ್ನಿಂದ ಬ್ರೇಕ್ ಹಾಕಿಸಿದರು. ಟ್ರೇಲರ್ ಜೀಪನ್ನೇ ಮುಂದಕ್ಕೆ ನೂಕಿತು; ನಿಂತದ್ದು ಇಳಿಜಾರು ಮುಗಿದ ಮೇಲೆಯೇ. ಪಕ್ಕದಲ್ಲಿದ್ದ ಅವರು ಕಣ್ಣು ಮುಚ್ಚಿಕೊಂಡಿದ್ದರು.

"ಇಂತದ್ದೇ ಜೀಪ್. ರೇಸಿಗ್ ಕಾರ್ ಎಳ್ಕಂಡ್ ಹೋಪತಿಗೆ ನನ್ ತಮ್ಮಂಗ್ ನಿಲ್ಸುಕ್ ಆಯ್ಲಿಲ್ಲೆ."

ಗ್ಯಾರೇಜಿನ ಹಿಂದೆ ಭಾರೀ ಪಿಕಪ್ ಒಂದಿತ್ತು. ಟ್ರೇಲರ್ ಸಿಕ್ಕಿಸುವ ಕೊಕ್ಕೆಯ ಬಣ್ಣ ಕೂಡ ಮಾಸಿರಲಿಲ್ಲ.

"ಇದನ್ನ್ ತಕಂಡ್ ಹೋಯ್ನಿ," ಎಂದರು.

"ನೀವ್ ಇದನ್ನ್ ಯಾವಾಗ ತಕಂಡದ್ದ್?" ಎಂದು ಕೇಳಿದೆ.

"ತಮ್ಮ ತೀರಿ ಹೋಯಿ ಒಂದ್ ತಿಂಗಳಿಗೆ. ಎಳುಕೆ ಕಾರೇ ಇರ್ಲಿಲ್ಲ. ಆದ್ರೂ ತಕಂಡೆ."